ಅವಳು ಕೇಳಿದ ಕೋಳಿ

ಕೋಳಿ ಹುರಿಯುವುದರಲ್ಲಿ ದಾವಣಗೆರೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ನಗುವವರು ನಗಲಿ. ಮೊದಲು ಒಂದು ತುಂಡು ಬಾಯಿಗೆ ಹಾಕಿಕೊಂಡು ಆಮೇಲೆ ನಗಲಿ. ಈ ಜಂಬ ನನಗೆ ಹುಟ್ಟಿನಿಂದಲೇ ಇತ್ತು. ಹುರಿಯುವ ವಿದ್ಯೆ ಮಾತ್ರ ತಡವಾಗಿ ಬಂತು, ಬರುವಾಗ ನನ್ನ ಮುಖಕ್ಕೆ ಮಂಗಳಾರತಿ ಎತ್ತಿಯೇ ಬಂತು.

ಆಗಷ್ಟೇ ಅರವತ್ತರ ದಶಕ ಶುರುವಾಗಿತ್ತು. ನಾನು ಬಟ್ಟೆ ಗಿರಣಿಯಲ್ಲಿ ಫಿಟ್ಟರ್. ಮದುವೆಯಾಗಿ ಮೂರು ವರ್ಷವಾಗಿತ್ತು. ವಿನೋಬನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಭಾಗದಲ್ಲಿ ಮಾಲೀಕರು, ಹಿಂದಿನ ಭಾಗದಲ್ಲಿ ನಾವು. ಮಾಲೀಕರು ಲಿಂಗವಂತರು, ಬೆಲ್ಲದ ವ್ಯಾಪಾರ. ಮನೆ ಕೊಡುವಾಗ ಒಂದೇ ಮಾತು ಹೇಳಿದ್ದರು: "ಹೊರಗ ಏನರ ತಿನ್ರಿ, ನಾವು ಕೇಳಂಗಿಲ್ಲ. ಈ ಸೂರಿನ ಕೆಳಗ ಮಾತ್ರ ಕೋಳಿ, ಕುರಿ ಬ್ಯಾಡ." ನಾನು ಒಪ್ಪಿದ್ದೆ. ತಿನ್ನಬೇಕು ಅನಿಸಿದಾಗ ಆನಗೋಡಿಗೆ, ನಮ್ಮವ್ವನ ಮನೆಗೆ ಹೋಗುತ್ತಿದ್ದೆವು. ಅವ್ವ ಸಾರು ಮಾಡಿ ಬಡಿಸುತ್ತಿದ್ದಳು. ನಾನು ಉಂಡು, ಕೈ ತೊಳೆದು, ಕಟ್ಟೆಯ ಮೇಲೆ ಅಡ್ಡಾಗುತ್ತಿದ್ದೆ. ಅಡುಗೆಮನೆಯಲ್ಲಿ ಆಮೇಲೆ ಏನು ನಡೆಯುತ್ತದೆ ಎಂದು ನೋಡುವ ಗಂಡಸು ನಮ್ಮ ಮನೆತನದಲ್ಲಿ ಹುಟ್ಟಿರಲಿಲ್ಲ.

ನನ್ನ ಹೆಂಡತಿ ಕುಕ್ಕುವಾಡದವಳು. ಅವಳ ತಾಯಿ ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮೊದಲ ಬಸಿರು ನಾಲ್ಕನೇ ತಿಂಗಳಿಗೇ ಹೋಯಿತು. ಎರಡನೆಯದು ನಿಂತಾಗ ಇಬ್ಬರೂ ಹೆದರಿಕೊಂಡೇ ಖುಷಿಪಟ್ಟೆವು. ಐದು ತುಂಬುವ ಹೊತ್ತಿಗೆ ವಾಂತಿ ನಿಂತಿತು, ಅದರ ಜೊತೆಗೆ ಊಟವೂ ನಿಂತಿತು. ರೊಟ್ಟಿ ಮುರಿದು ತಟ್ಟೆಯ ಅಂಚಿಗೆ ಸರಿಸಿ ಸುಮ್ಮನೆ ಕೂರುತ್ತಿದ್ದಳು. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆಸ್ಪತ್ರೆಯ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಹಿಂಗ ಆದ್ರೆ ಕೂಸು ಉಳಿಯೋದು ಕಷ್ಟ ಐತ್ರಿ. ಆಕಿ ಏನು ಕೇಳ್ತಾಳ ಅದನ್ನ ತಂದು ಕೊಡ್ರಿ" ಅಂದರು. ನನಗಾದ ಹೆದರಿಕೆಯನ್ನು ಅವಳಿಗೆ ತೋರಿಸಿಕೊಳ್ಳಲಿಲ್ಲ.

ಮನೆಗೆ ಬಂದು, "ಏನು ತಿನ್ನಬೇಕು ಅನಸ್ತೈತೆ, ಹೇಳು" ಅಂದೆ.

ಸೆರಗಿನ ತುದಿ ಸುತ್ತುತ್ತ ಹೇಳಿದಳು: "ನಮ್ಮವ್ವ ಕೋಳಿ ಹುರೀತಿದ್ಲು. ಅಂಥದ್ದು ಒಂದು ತುಂಡು ಸಿಕ್ಕರೆ ರೊಟ್ಟಿ ಒಳಗ ಹೋಗ್ತೈತೆ ಅನಸ್ತೈತ್ರಿ."

ಇಷ್ಟೇನಾ ಅಂದುಕೊಂಡೆ. ಗಿರಣಿಯಲ್ಲಿ ಯಂತ್ರ ಓಡುವ ಸದ್ದು ಕೇಳಿಯೇ ಯಾವ ಚಕ್ರದ ಹಲ್ಲು ಸವೆದಿದೆ ಎಂದು ಹೇಳುವ ಆಸಾಮಿ ನಾನು. ಒಂದು ಹುರಿದ ಕೋಳಿ ಯಾವ ಮಹಾ? ಅವಳ ತಾಯಿ ಹೇಗೆ ಹುರಿಯುತ್ತಿದ್ದರು, ಏನು ಹಾಕುತ್ತಿದ್ದರು ಎಂದು ಒಂದು ಮಾತು ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲ ಅಂತಾಗುತ್ತದಲ್ಲ! ಊರಲ್ಲೆಲ್ಲ ಒಳ್ಳೆಯದು ಯಾವುದೋ ಅದನ್ನು ಹುಡುಕಿ ತಂದರೆ ಮುಗಿಯಿತು ಎಂದು ಲುಂಗಿ ಬಿಚ್ಚಿ ಪ್ಯಾಂಟು ಹಾಕಿಕೊಂಡು ಹೊರಟೆ.

ಮೊದಲು ರೈಲ್ವೆ ಸ್ಟೇಷನ್ನಿನ ಹತ್ತಿರದ ಖಾನಾವಳಿ. ಅವರ ಕೋಳಿ ಕೆಂಪಗೆ ಮಿರಮಿರ ಮಿಂಚುತ್ತಿತ್ತು, ಬಾಯಿಗಿಟ್ಟರೆ ಖಾರ ನೆತ್ತಿಗೆ ಏರುತ್ತಿತ್ತು. ಎಲೆಯಲ್ಲಿ ಕಟ್ಟಿಸಿಕೊಂಡು, ಮಾಲೀಕರ ಕಣ್ಣು ತಪ್ಪಿಸಿ ಮನೆಗೆ ತಂದೆ. ಅವಳು ಒಂದು ಎಳೆ ಬಿಡಿಸಿ ತಿಂದು ನೀರು ಕುಡಿದಳು. ಮುಂದಿನ ವಾರ ಹಳೇ ಪೇಟೆಯಲ್ಲಿ ಇನ್ನೊಂದು ಕಡೆಯಿಂದ ತಂದೆ. ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟಳು. ಗಿರಣಿಯ ಗೆಳೆಯರನ್ನು ವಿಚಾರಿಸಿದಾಗ ಎಲ್ಲರೂ ಒಂದೇ ದಿಕ್ಕಿಗೆ ಕೈ ತೋರಿಸಿದರು. ಹರಿಹರದಲ್ಲಿ, ಹೊಳೆಯ ಸೇತುವೆಯ ಹತ್ತಿರ, ಒಬ್ಬ ಸಾಬರು ಕೋಳಿ ಕರಿದು ಮಾರುತ್ತಾರೆ, ಅವರ ಮುಂದೆ ಉಳಿದವರೆಲ್ಲ ಬಚ್ಚಾಗಳು ಅಂದರು.

ಅದು ನಿಜವಾಗಿತ್ತು. ಚಾಚಾ ಎಂದು ಎಲ್ಲರೂ ಕರೆಯುತ್ತಿದ್ದ ಆ ಮುದುಕರು ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಬಾಣಲೆಯ ಮುಂದೆ ರಾಜನ ಹಾಗೆ ಕೂರುತ್ತಿದ್ದರು. ನಾನು ಬಂದ ಕಾರಣ ಹೇಳಿದೆ. ಅವರು ಜಾಲರಿ ಸೌಟು ಕೆಳಗಿಟ್ಟರು.

"ಬಸುರಿ ಹೆಂಗಸಿಗೆ ಕಟ್ಟಿಸಿಕೊಂಡು ಹೋದದ್ದು ಸೇರಂಗಿಲ್ಲ ಮಿಸ್ತ್ರಿ. ನೀವೇ ಕಲೀರಿ. ರವಿವಾರ ಬರ್ರಿ, ಎಳೇ ಹುಂಜ ತರ್ರಿ."

ಎರಡು ಭಾನುವಾರ ಅವರ ಪಕ್ಕ ಕುಳಿತು ಕಲಿತೆ. ಚರ್ಮ ಸುಲಿದು, ತುಂಡಿಗೆ ಚಾಕುವಿನಿಂದ ಗೀರು ಹಾಕಿ, ನಿಂಬೆಹಣ್ಣು ಉಪ್ಪು ಸವರಿ ಒಂದು ತಾಸು ಬಿಡಬೇಕು. ಆಮೇಲೆ ಮೊಸರು, ಬೆಳ್ಳುಳ್ಳಿ, ಶುಂಠಿ, ಖಾರ. ಮೊದಲು ಸಣ್ಣ ಉರಿಯಲ್ಲಿ ಬೇಯಿಸಿ ತೆಗೆದು, ಆರಿದ ಮೇಲೆ ಜೋರು ಉರಿಯಲ್ಲಿ ಇನ್ನೊಮ್ಮೆ ಕರಿಯಬೇಕು. ನಾಟಿ ಕೋಳಿಯ ಮಾಂಸ ಬಿರುಸು. ಒಂದೇ ಸಲಕ್ಕೆ ಕರಿದರೆ ಹಗ್ಗ ಜಗಿದ ಹಾಗಾಗುತ್ತದೆ. ನನ್ನ ಕೈ ಯಂತ್ರದ ಕೈ, ಒಂದು ಸಲ ನೋಡಿದ್ದನ್ನು ಮರೆಯುವುದಿಲ್ಲ. ಎರಡನೇ ಭಾನುವಾರ ನಾನೇ ಕರಿದ ತುಂಡನ್ನು ಚಾಚಾ ತಿಂದು, "ನನ್ನ ಬಾಣಲಿ ಹತ್ರ ಇನ್ನ ಬರಬ್ಯಾಡ್ರಿ, ಗಿರಾಕಿ ನಿಮ್ಮ ಹಿಂದ ಹೋಗ್ತಾರ" ಅಂದರು. ಎರಡು ತೊಡೆಗಳನ್ನು ಎಲ್ಲಕ್ಕಿಂತ ಮೇಲಿಟ್ಟು ಡಬ್ಬಿ ಕಟ್ಟಿಕೊಂಡು ಬಸ್ಸಿನಲ್ಲಿ ಎದೆಯುಬ್ಬಿಸಿ ಬಂದೆ.

ತಟ್ಟೆಯಲ್ಲಿ ತೊಡೆ ಇಟ್ಟು ಎದುರಿಗೆ ಕುಳಿತೆ. ಅವಳು ಕಚ್ಚಿದಳು, ಅಗಿದಳು, ನುಂಗಲು ನೋಡಿದಳು. ಕಣ್ಣಲ್ಲಿ ನೀರು ತುಂಬಿತು.

"ಚಲೋ ಐತ್ರಿ. ಆದ್ರೆ..."

"ಆದ್ರೆ ಏನು?"

"ನಮ್ಮವ್ವಂದು ಹಿಂಗಿರ್ತಿರಲಿಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. "ಇದಕ್ಕಿಂತ ಚಲೋ ಕೋಳಿ ಈ ಜಿಲ್ಲಾದಾಗ ಇಲ್ಲ. ನಿಮ್ಮವ್ವ ಏನು ಬಂಗಾರ ಹುರೀತಿದ್ಲೇನು?" ಎಂದು ಕೂಗಿದೆ. ಮುಂದಿನ ಭಾಗದವರಿಗೂ ಕೇಳಿಸಿರಬೇಕು.

"ತಪ್ಪಾತ್ರಿ. ಇನ್ನ ಕೇಳಂಗಿಲ್ಲ" ಅಂದಳು. ಅವತ್ತು ಅವಳು ಇನ್ನೇನೂ ತಿನ್ನಲಿಲ್ಲ. ಸತ್ತ ತಾಯಿಯನ್ನು ಎಳೆದು ಬೈದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಬಾಯಿಬಿಟ್ಟು ಹೇಳುವ ಬುದ್ಧಿ ಬರಲಿಲ್ಲ. ಮರುದಿನ ಆನಗೋಡಿನ ಕಡೆ ಹೋಗುವವರ ಕೈಯಲ್ಲಿ ನಮ್ಮವ್ವನಿಗೆ ಹೇಳಿ ಕಳಿಸಿದೆ.

ಅವ್ವ ಬುಟ್ಟಿಯಲ್ಲಿ ಒಂದು ಹುಂಜ ಇಟ್ಟುಕೊಂಡು ಬಂದಳು. ಸೊಸೆಯ ಕೈ ಹಿಡಿದು ನೋಡಿ, ನನ್ನ ಕಡೆ ಒಮ್ಮೆ ನೋಡಿ, ನಾನು ಎರಡು ತಿಂಗಳಲ್ಲಿ ಕೇಳದ ಪ್ರಶ್ನೆಯನ್ನು ಕೂತ ತಕ್ಷಣ ಕೇಳಿದಳು: "ನಿಮ್ಮವ್ವ ಯಾವಾಗ ಹುರೀತಿದ್ಲು ತಾಯಿ? ಗಂಡಸರು ಉಣ್ಣಾಕ ಮುಂಚೆನೋ, ಉಂಡಮ್ಯಾಲೋ?"

"ಮರುದಿನ ಮುಂಜಾನೆ. ಅಪ್ಪ ಹೊಲಕ್ಕೆ ಹೋದಮ್ಯಾಲೆ. ನಾನೂ ಅವ್ವನೂ ಒಲಿ ಮುಂದ ಕುಂತು ತಿಂತಿದ್ವಿ."

ಅವ್ವ ಜೋರಾಗಿ ನಕ್ಕಳು. "ತಿಳೀತು ಬಿಡು" ಅಂದಳು. ನನಗೆ ಏನೂ ತಿಳಿಯಲಿಲ್ಲ.

ಮಾಲೀಕರ ಷರತ್ತು ಇತ್ತಲ್ಲ, ಕಟ್ಟಿಸಿಕೊಂಡು ತಂದದ್ದನ್ನು ಬಚ್ಚಿಡಬಹುದು, ಒಲೆಯ ಮೇಲಿನ ವಾಸನೆಯನ್ನು ಬಚ್ಚಿಡಲಾಗದು. ಅವ್ವ ಸೀದಾ ಮನೆಯೊಡತಿಯ ಹತ್ತಿರ ಹೋಗಿ ವಿಷಯ ಹೇಳಿದಳು. ಆ ತಾಯಿ ಎರಡು ತಿಂಗಳಿಂದ ನನ್ನ ಹೆಂಡತಿಗೆ ಹೋಳಿಗೆ, ಉಂಡಿ ಎಂದು ಏನೇನೋ ಕಳಿಸಿ, ಎಲ್ಲ ಹಾಗೇ ಉಳಿದದ್ದನ್ನು ಕಂಡು ಮರುಗುತ್ತಿದ್ದವರು.

"ನಮ್ಮ ಯಜಮಾನ್ರು ಸೂರಿನ ಕೆಳಗ ಬ್ಯಾಡ ಅಂದಾರ. ಹಿತ್ತಲಿಗೆ ಸೂರು ಎಲ್ಲೈತ್ರಿ? ಅವರು ಅಂಗಡಿಗೆ ಹೋದಮ್ಯಾಲೆ ಮಾಡ್ರಿ. ನಾ ಮಾತ್ರ ಏನೂ ನೋಡಿಲ್ಲ, ಏನೂ ಕೇಳಿಲ್ಲ" ಎಂದು ಒಳಗೆ ಹೋಗಿ ಕಿಟಕಿ ಹಾಕಿಕೊಂಡರು.

ಹಿತ್ತಲಲ್ಲಿ ಮೂರು ಕಲ್ಲು ಹೂಡಿದೆವು. ಹುಂಜ ಕೊಯ್ದು ಪುಕ್ಕ ತರಿದ ಮೇಲೆ ನಾನು ಚಾಚಾ ಕಲಿಸಿದ ಹಾಗೆ ಚರ್ಮ ಸುಲಿಯಲು ಹೋದೆ. ಅವ್ವ ಕೈಗೆ ಒಂದು ಏಟು ಕೊಟ್ಟಳು. ಹುಲ್ಲಿನ ಉರಿಯಲ್ಲಿ ಚರ್ಮ ಸುಟ್ಟು, ಅರಿಶಿನ ಹಚ್ಚಿ ತೊಳೆದು, ತುಂಡು ಮಾಡಿ ಸಾರಿಗೆ ಹಾಕಿದಳು. ಕುದಿದು ಬೆಂದ ಮೇಲೆ ಕತ್ತು, ರೆಕ್ಕೆ, ಬೆನ್ನು, ಪಕ್ಕೆಲುಬು, ಪಾದ ಇವನ್ನೆಲ್ಲ ಸೌಟಿನಿಂದ ಆರಿಸಿ, ಮಸಾಲೆ ಸಮೇತ ಒಂದು ಗಡಿಗೆಗೆ ತೆಗೆದಿಟ್ಟಳು.

"ಇದ್ಯಾಕವ್ವ?"

"ಆಕಿಗೆ. ನಾಳೆ ಹುರಿಯಾಕ."

"ಬರೇ ಎಲುಬು! ಬಸುರಿ ಹೆಂಗಸಿಗೆ ಎಲುಬು ಕೊಡ್ತಾರೇನು? ತೊಡೆ ಕೊಡು ಆಕಿಗೆ."

ಅವ್ವ ಸೌಟು ಹಿಡಿದೇ ನನ್ನ ಮುಖ ನೋಡಿದಳು. ಬೈಯುವ ದನಿಯೇನೂ ಅಲ್ಲ, ಮಳೆ ಬೆಳೆಯ ಬಗ್ಗೆ ಮಾತಾಡುವ ಹಾಗೆ ಕೇಳಿದಳು: "ಯಾಕೋ, ನಾ ತೊಡೆ ತಿಂದದ್ದು ನೀ ಎಂದರ ನೋಡಿಯೇನು?"

ನೆನಪು ಮಾಡಿಕೊಳ್ಳಲು ನೋಡಿದೆ. ಅಪ್ಪನ ತಟ್ಟೆಯಲ್ಲಿ ಒಂದು ತೊಡೆ, ನನ್ನ ತಟ್ಟೆಯಲ್ಲಿ ಒಂದು. ಅಪ್ಪ ಹೋದ ಮೇಲೆ ಎರಡೂ ನನ್ನ ತಟ್ಟೆಗೆ. ಬೀಗರು ಬಂದರೆ ಎದೆಯ ತುಂಡು ಅವರಿಗೆ. ಅವ್ವನ ತಟ್ಟೆ ನನಗೆ ನೆನಪೇ ಆಗಲಿಲ್ಲ. ಅವ್ವನಿಗೆ ಕೋಳಿ ಅಷ್ಟಾಗಿ ಸೇರುವುದಿಲ್ಲ ಎಂದು ನಾನು ಸಣ್ಣವನಿದ್ದಾಗಿನಿಂದ ನಂಬಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ, ನಾನೇ ಅಂದುಕೊಂಡದ್ದು. ಗಂಡಸರು ಉಂಡೆದ್ದ ಮೇಲೆ ತಳದಲ್ಲಿ ಉಳಿದ ತುಂಡುಗಳನ್ನು ಕೆಡದಿರಲಿ ಎಂದು ಮರುದಿನ ಒಣಗುವ ಹಾಗೆ ಹುರಿದು ಹೆಂಗಸರು ತಿನ್ನುತ್ತಿದ್ದರು. ನನ್ನ ಹೆಂಡತಿ ಬಯಸಿದ್ದು ಅದನ್ನು. ಅವಳ ತಾಯಿ ತನ್ನ ಪಾಲನ್ನು ಮಗಳ ಜೊತೆ ಹಂಚಿಕೊಂಡದ್ದೇ ಆ ಹುರಿದ ಕೋಳಿ. ಖಾನಾವಳಿಯಲ್ಲಿ ಅದು ಎಲ್ಲಿ ಸಿಗಬೇಕು?

"ನೀ ಯಾಕ ಹೇಳಲಿಲ್ಲ?" ಎಂದು ಬಾಗಿಲಲ್ಲಿ ಕುಳಿತಿದ್ದ ಹೆಂಡತಿಯನ್ನು ಕೇಳಿದೆ.

"ಹೆಂಗ ಹೇಳ್ಲಿ? ನೀವು ಅಷ್ಟು ಆಸೆಯಿಂದ ತೊಡೆ ತರ್ತಿದ್ರಿ. ಎಲುಬು ತರ್ರಿ ಅಂತ ಹೆಂಗ ಬಾಯಿ ಬಿಟ್ಟು ಕೇಳೋದು?"

ಅವತ್ತು ಊಟಕ್ಕೆ ಅವ್ವ ಎಂದಿನಂತೆ ಎರಡು ತೊಡೆಗಳನ್ನೂ ನನಗೇ ಬಡಿಸಿದಳು. ಒಂದನ್ನು ತಿಂದೆ. ಇನ್ನೊಂದನ್ನು ಹಾಗೇ ಬಿಟ್ಟೆದ್ದೆ.

ಮರುದಿನ ಬೆಳಿಗ್ಗೆ ಗಿರಣಿಗೆ ರಜೆ ಹಾಕಿ ಒಲೆಯ ಮುಂದೆ ನಾನೇ ಕುಳಿತೆ. ಅವ್ವ ಹೇಳಿದ ಹಾಗೆ ಕಬ್ಬಿಣದ ಬಾಣಲೆಗೆ ಕುಸುಬೆ ಎಣ್ಣೆ ಸ್ವಲ್ಪವೇ ಹಾಕಿ, ಜಜ್ಜಿದ ಬೆಳ್ಳುಳ್ಳಿ ಬಿಟ್ಟು, ಗಡಿಗೆಯಲ್ಲಿದ್ದುದನ್ನು ಸುರಿದೆ. ಮೊದಲು ಅದು ಗೊಜ್ಜಿನ ಹಾಗೆ ಕುದಿಯುತ್ತದೆ. ಅವಸರ ಮಾಡಿ ಉರಿ ಏರಿಸಿದರೆ ಮಸಾಲೆ ಕಹಿಯಾಗುತ್ತದೆ. ಸಣ್ಣ ಉರಿಯಲ್ಲಿ ಕೂತು ತಿರುವುತ್ತ ಇರಬೇಕು. ನೀರೆಲ್ಲ ಆರಿ, ಚರ್ಮದ ಕೊಬ್ಬು ಕರಗಿ, ಮಸಾಲೆ ಎಲುಬಿಗೆ ಹತ್ತಿ ಕಪ್ಪಾಗಿ, ಚರ್ಮ ಚಿಟಚಿಟ ಅನ್ನತೊಡಗಿದಾಗ ಇಳಿಸಬೇಕು. ಇದರಲ್ಲಿ ಮುಚ್ಚಿಡುವ ಗುಟ್ಟೇನೂ ಇಲ್ಲ, ತಾಳ್ಮೆ ಬೇಕು ಅಷ್ಟೇ. ಆ ಸರಕು ನನ್ನ ಹತ್ತಿರ ಕಡಿಮೆ ಇತ್ತು, ಅವತ್ತು ಹೇಗೋ ಸಾಕಾಯಿತು.

ಅವಳು ಮೊದಲು ರೆಕ್ಕೆ ತೆಗೆದುಕೊಂಡಳು. ರೆಕ್ಕೆ ಮುಗಿಸಿ ಎಲುಬು ಚೀಪಿ, ಕತ್ತು ತೆಗೆದುಕೊಂಡಳು. ಒಂದು ರೊಟ್ಟಿ ಮುಗಿಯಿತು. ಎರಡನೆಯದಕ್ಕೆ ಕೈ ಚಾಚಿದಾಗ ಅವ್ವ ನನ್ನ ಕಡೆ ನೋಡದೆ ರೊಟ್ಟಿ ಹಾಕಿದಳು. ಬೆರಳು ನೆಕ್ಕುತ್ತ ನನ್ನ ಹೆಂಡತಿ ಅಳುತ್ತಿದ್ದಳು, ಆದರೂ ತಿನ್ನುವುದು ನಿಲ್ಲಿಸಲಿಲ್ಲ. ನಾನೂ ಅತ್ತೆ. ಹೊಗೆ ಕಣ್ಣಿಗೆ ಹೋಯಿತು ಎಂದು ಸುಳ್ಳು ಹೇಳಿದೆ.

ಅಲ್ಲಿಂದ ವಾರಕ್ಕೊಮ್ಮೆ ಹಿತ್ತಲಲ್ಲಿ ನನ್ನ ಒಲೆ ಹೊತ್ತುತ್ತಿತ್ತು, ಮನೆಯೊಡತಿಯ ಕಿಟಕಿ ಮುಚ್ಚುತ್ತಿತ್ತು. ಹೆಂಡತಿಯ ಬಳೆಗಳು ಮಣಿಕಟ್ಟಿನಲ್ಲಿ ನಿಂತವು. ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು, ಕೂಗಿಗೆ ಓಣಿಯೆಲ್ಲ ಎದ್ದು ಬಂತು. ತವರಿನಲ್ಲಿ ತಾಯಿ ಇಲ್ಲವೆಂದು ಬಾಣಂತನಕ್ಕೆ ನಮ್ಮವ್ವನೇ ಬಂದು ನಿಂತಳು.

ಬಾಣಂತಿಗೆ ಕೋಳಿ ಕೊಡಬಹುದು ಎಂದಾದ ದಿನ ಅಡುಗೆ ನನ್ನದೇ. ಹಿತ್ತಲಲ್ಲಿ ಅವ್ವನನ್ನೂ ಹೆಂಡತಿಯನ್ನೂ ಮೊದಲು ಕೂರಿಸಿದೆ. ಅವ್ವ ಒಪ್ಪಲಿಲ್ಲ, "ಗಂಡಸು ಬಡಿಸೋದು ಏನು ಚೆಂದ" ಎಂದು ಎದ್ದಳು, ಭುಜ ಹಿಡಿದು ಕೂರಿಸಿದೆ. ಹೆಂಡತಿಗೆ ಅವಳಿಗಿಷ್ಟವಾದ ರೆಕ್ಕೆ, ಕತ್ತು ಹಾಕಿದೆ. ಅವ್ವನ ತಟ್ಟೆಗೆ ದೊಡ್ಡ ತೊಡೆ ಇಟ್ಟೆ.

ಅವ್ವ ಅದನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಜನ್ಮವೆಲ್ಲ ಎಷ್ಟು ಜನರಿಗೆ ಅದನ್ನು ಬಡಿಸಿದ್ದಳೋ ಲೆಕ್ಕವಿಲ್ಲ.

"ಇದನ್ನ ಎಲ್ಲಿಂದ ಕಚ್ಚಬೇಕೋ?" ಎಂದು ನಕ್ಕು ನನ್ನನ್ನು ಕೇಳಿದಳು.

ನಾನು ಅವಳ ಪಕ್ಕದಲ್ಲಿ ಕುಳಿತು ತೋರಿಸಿಕೊಟ್ಟೆ.