ಖಾಲಾ ಹೊಲಿದ ದೊಡ್ಡ ಹೂಗಳು

ಮೊನ್ನೆ ಹಿಂದಿನ ಮನೆಯಲ್ಲಿ ಯಾರೋ ಪಪಾಯಿ ಎಲೆ ಅರೆಯುತ್ತಿದ್ದರು. ಆ ಕಹಿ, ಹಸಿ ವಾಸನೆ ಕಿಟಕಿಯಲ್ಲಿ ಬಂದಾಗ ಮಾಡುತ್ತಿದ್ದ ಕೆಲಸ ನಿಂತುಹೋಯಿತು... ಪಕ್ಕದ ಮನೆಯ ಖಾಲಾ ನೆನಪಾದರು.

ದಾಂಡೇಲಿಯ ನಮ್ಮ ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಹಳಿಯಾಳದ ಕಡೆಯ ಸಿದ್ದಿ ಜನಾಂಗದ ಹೆಂಗಸು. ಹಳೆಯ ಸೀರೆಗಳ ಚೂರು ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಮಳೆಗಾಲದಲ್ಲಿ ಯಾರಿಗಾದರೂ ಡೆಂಗಿ ಬಂದರೆ ಪಪಾಯಿ ಎಲೆಯ ರಸ ಒಯ್ದು ಕುಡಿಸುವವರೂ ಅವರೇ. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದರೆ ಜೀವಕ್ಕೆ ಅಪಾಯ ಎಂಬುದು ಓಣಿಯಲ್ಲಿ ಮಕ್ಕಳಿಗೂ ಗೊತ್ತಿತ್ತು.

ಎಡವಟ್ಟಾದದ್ದು ಅದರಿಂದಲೇ. ಖಾಲಾಗೆ ಸಂಧಿವಾತವಿತ್ತು, ದೇಹವು ತನ್ನ ಕೀಲುಗಳ ಮೇಲೆಯೇ ಮುನಿಯುವ ಬಗೆಯದು. ಒಮ್ಮೆ ರಕ್ತ ಪರೀಕ್ಷೆ ಮಾಡಿದವರು ಪ್ಲೇಟ್‌ಲೆಟ್ ಹೆಚ್ಚಿವೆ ಎಂದರು. ಖಾಲಾ ಬಂದವರೇ ನಮ್ಮ ಬಾಗಿಲಲ್ಲಿ ನಿಂತರು.

"ನೋಡವಾ, ಈ ಮುದುಕಿ ರಕ್ತ ನಿಮ್ಮೆಲ್ಲಾರಕಿಂತ ಗಟ್ಟಿ ಐತಿ! ಇನ್ನ ಗುಳಿಗಿ ಯಾಕ ಬೇಕು?"

ಸಂಧಿವಾತದ ಗುಳಿಗೆ ಬಿಟ್ಟರು. ಆಗ ಅವರ ಸೊಸೆ ಬಸುರಿ. ಹುಟ್ಟುವ ಕೂಸಿನ ಕೌದಿ ಮುಗಿಯುತ್ತ ಬಂದಿತ್ತು. ಮೂಲೆಗಳಿಗೆ ಬಟ್ಟೆ ಮಡಚಿ ಹೂ ಕೂರಿಸುವುದಷ್ಟೇ ಬಾಕಿ. ಹೂವಿಲ್ಲದ ಕೌದಿಯನ್ನು ಅವರ ಮಂದಿ ಬೆತ್ತಲೆ ಎನ್ನುತ್ತಾರೆ. ಅಷ್ಟರಲ್ಲಿ ಬೆರಳು ಬಾತು ಸೂಜಿ ಕೈಯಲ್ಲಿ ನಿಲ್ಲದಾಯಿತು.

ಧಾರವಾಡಕ್ಕೆ ನಾನೇ ಕರೆದೊಯ್ದೆ. ವೈದ್ಯೆ ಗದರಲಿಲ್ಲ. "ಪ್ಲೇಟ್‌ಲೆಟ್ ಅಂದ್ರ ಸೂಜಿ ಚುಚ್ಚಿದಾಗ ರಕ್ತ ನಿಲ್ಲಸೂ ಕಣ. ಈ ಬ್ಯಾನಿಯೊಳಗ ಬಾವು ಜಾಸ್ತಿ ಆದ್ರ ಅವೂ ಜಾಸ್ತಿ ಆಗ್ತಾವರಿ. ಕೀಲಿಗೆ ಹೋಗಿ ಬಾವು ಮತ್ತಿಷ್ಟು ಏರಸ್ತಾವ."

"ಅಂದ್ರ ಬೆಂಕಿ ಆರಸಾಕ ಬಂದವರ ಕಟಗಿ ಒಟ್ಟಾಕ ಹತ್ಯಾರ," ಎಂದರು ಖಾಲಾ. "ಥೇಟ್ ನಮ್ಮ ಬೀಗರು!"

ಮತ್ತೆ ಗುಳಿಗೆ ಶುರುವಾಯಿತು. ಕಾಳಿ ನದಿಯ ಮಂಜು ಓಣಿಯೊಳಗೆ ನಡೆದು ಬರುವ ಹೊತ್ತಿಗೆ ಅವರು ಬಿಸಿನೀರಲ್ಲಿ ಕೈ ಅದ್ದಿ ಕೂತಿರುತ್ತಿದ್ದರು... ಬೆರಳುಗಳು ಎಲ್ಲೋ ದೂರ ಹೋಗಿವೆ, ಇನ್ನೇನು ಮರಳಿ ಬರುತ್ತವೆ ಎಂಬಂತೆ. ಬಾವು ಇಳಿಯಿತು. ಆದರೆ ಕೆಲವು ಬೆರಳು ಸೊಟ್ಟಗೇ ಉಳಿದವು. ಸಣ್ಣ ಮಡಿಕೆ ಬೀಳಲಿಲ್ಲ, ಹೂಗಳು ದೊಡ್ಡವಾದವು.

"ಹೂ ಅಲ್ಲ ಬಿಡವಾ ಇವು, ಗೋಬಿ!" ಎಂದು ನಕ್ಕು, ಕೌದಿಯನ್ನು ನನ್ನಿಂದ ಮರೆಮಾಡಿದರು.

ಕೂಸು ಹುಟ್ಟಿತು. ಅದು ಬೋರಲು ಬೀಳುವ ಮೊದಲೇ ಖಾಲಾ ಎದೆನೋವೆಂದು ಮಲಗಿದವರು ಏಳಲಿಲ್ಲ.

ಈಗ ಸೊಸೆ ಕೆಲಸಕ್ಕೆ ಹೋದಾಗ ಕೂಸು ಆ ಕೌದಿಯ ಮೇಲೆ ನಮ್ಮಲ್ಲೇ ಮಲಗುತ್ತದೆ. ನಿದ್ದೆಯಲ್ಲಿ ಕೈ ಚಾಚಿ ಮೂಲೆಯ ಹೂವೊಂದನ್ನು ಮುಷ್ಟಿ ತುಂಬ ಹಿಡಿದುಕೊಳ್ಳುತ್ತದೆ. ಸಣ್ಣದಾಗಿದ್ದರೆ ಜಾರುತ್ತಿತ್ತೇನೋ. ಖಾಲಾಗೆ ಹೇಳಿಬರೋಣ ಎಂದು ಏಳುತ್ತೇನೆ... ಬಾಗಿಲವರೆಗೆ ಹೋಗಿ ನಿಲ್ಲುತ್ತೇನೆ.