ಪುಸ್ತಕದಲ್ಲಿ ಇಲ್ಲದ ಮಾತು

“ಟೀಚ್ರೆ, ಪುಟ ಸಂಖ್ಯೆ ಕೇಂಡದ್ದ್ ನೀವೇ ಅಲ್ದಾ?”

ಬೈಂದೂರಿನ ನಮ್ಮ ಮನೆ ಬಾಗಿಲಲ್ಲಿ ಮಗಳ ಕೈ ಹಿಡಿದು ನಿಂತಿದ್ದ ಹಿರಿಯರು ಹೀಗೆ ಕೇಳಿದಾಗ ನನಗೆ ಗಾಬರಿಯೇ ಆಯಿತು. ಎಲ್ಲರೂ ಸೇರಿ ಬರೆಯುವ ಅಂತರ್ಜಾಲ ವಿಶ್ವಕೋಶದಲ್ಲಿ ಬಿಜೂರಿನ ಹಳೆಯ ಭತ್ತದ ತಳಿಗಳ ಬಗ್ಗೆ ಒಂದು ಲೇಖನವಿತ್ತು. ಆಧಾರವೆಂದು ಪುಸ್ತಕದ ಹೆಸರಿತ್ತು, ಪುಟ ಸಂಖ್ಯೆ ಎಲ್ಲೂ ಇರಲಿಲ್ಲ. ಐದು ಕಡೆ ‘ಪುಟ ಸಂಖ್ಯೆ ಬೇಕು’ ಎಂದು ಗುರುತು ಹಾಕಿದ್ದವಳು ನಾನೇ. ಲೇಖನ ಅವರದಂತೆ. ಅವರು ಹೇಳಿದ್ದನ್ನು ಮಗಳು ಟೈಪ್ ಮಾಡಿದ್ದಳು. ಗುರುತಿನ ಜೊತೆ ನನ್ನ ಹೆಸರಿದ್ದದ್ದನ್ನು ಅವಳೇ ಓದಿ ಹೇಳಿದ್ದಳು, ಇಬ್ಬರೂ ವಿಚಾರಿಸಿಕೊಂಡು ಬಂದಿದ್ದರು.

ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ.

“ಪುಸ್ತಕ ಓದಿ ಹೇಳ್ದದ್ದ್ ನನ್ ಹೆಂಡ್ತಿ. ಅವ್ಳ್ ಹೋಯಿ ಎರಡ್ ವರ್ಷ ಆಯ್ತ್. ಯಾವ ಪುಟ ಅಂದೇಳಿ ನಂಗೆ ಹ್ಯಾಂಗ್ ಗೊತ್ತಾತ್ತ್? ಕೇಂಡವ್ರ್ ನೀವೇ ಓದಿ ಕಾಣಿ” ಎನ್ನುತ್ತಾ ಚೀಲದಿಂದ ಆ ತೆಳ್ಳಗಿನ ಪುಸ್ತಕ ತೆಗೆದುಕೊಟ್ಟರು.

ನಾನು ಗಟ್ಟಿಯಾಗಿ ಓದುತ್ತಾ ಹೋದೆ. ನಾಲ್ಕು ಮಾತುಗಳಿಗೆ ಪುಟ ಸಿಕ್ಕಿತು. ಬಾಣಂತಿಯ ಗಂಜಿಗೆಂದು ಒಂದು ಮುಡಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಬೇರೆಯೇ ಕಟ್ಟಿಡುತ್ತಿದ್ದರು ಎಂಬ ಮಾತು ಮಾತ್ರ ಕೊನೆಯ ಪುಟ ಮುಗಿದರೂ ಸಿಗಲಿಲ್ಲ. ಮತ್ತೆ ಮೊದಲಿನಿಂದ ಪುಟ ತಿರುವತೊಡಗಿದೆ. ಆ ಸದ್ದಿಗೇ ಅರ್ಥವಾಗಿ ಅವರು ನಕ್ಕರು.

“ಹಂಗಾರೆ ಅದ್ ಪುಸ್ತಕದ್ದಲ್ಲ ಟೀಚ್ರೆ. ಅವ್ಳೇ ಸೇರ್ಸಿ ಹೇಳ್ದದ್ದ್. ತೆಗ್ದ್ ಬಿಡಿ.”

ಅವರೆದುರೇ ಆ ವಾಕ್ಯ ಅಳಿಸಿದೆ. ಹೊರಡುವ ಮೊದಲು ಅವರು ಅದನ್ನೇ ಮಗಳಿಂದ ಒಂದು ಕಾಗದದಲ್ಲಿ ಬರೆಸಿ, ಕೆಳಗೆ ಹೆಂಡತಿಯ ಹೆಸರು ಹಾಕಿಸಿ, ಮಡಚಿ ಜೇಬಿಗಿಟ್ಟುಕೊಂಡರು.

ಗುರುತು ಹಾಕುವ ಕೆಲಸವನ್ನು ನಾನು ಬಿಟ್ಟಿಲ್ಲ. ಆದರೆ ಈಗ ಹಾಕುವ ಮೊದಲು ಬರೆದವರನ್ನು ಕೇಳುತ್ತೇನೆ, ಇದನ್ನು ನಿಮಗೆ ಹೇಳಿದವರು ಯಾರು ಎಂದು.