ಕೂತಲ್ಲೇ ಎರಡು ಕಿಲೋಮೀಟರ್

ಇವತ್ತು ಬೆಳಿಗ್ಗೆ ಕುಮಟಾದ ನಮ್ಮ ಅಡುಗೆಮನೆಯಲ್ಲಿ ಕೂತು ಒಂದು ತೆಂಗಿನಕಾಯಿ ತುರಿದೆ. ಎದ್ದು ನೋಡಿದರೆ, ಮಗಳು ಕಟ್ಟಿದ ಹೊಸ ವಾಚು ನಾನು ನಾನೂರ ಹನ್ನೆರಡು ಹೆಜ್ಜೆ ನಡೆದೆನೆಂದು ಶಾಭಾಸ್ ಹೇಳುತ್ತಿದೆ! ಬೈಯಬೇಕೆನಿಸಲಿಲ್ಲ. ನಜೀಮಾ ನೆನಪಾದಳು.

ನಜೀಮಾ ಭಟ್ಕಳದ ಪಕ್ಕದ ಜಾಲಿಯವಳು, ನನ್ನ ಜೊತೆ ಬಿ.ಎಸ್ಸಿ. ಓದಿದವಳು. ಕೊನೇ ವರ್ಷದ ಪ್ರಾಜೆಕ್ಟಿಗೆ ನಮಗೆ ಸಿಕ್ಕಿದ್ದು ಅಪ್ಪನ ಹಳೇ ಸ್ಕೂಟರು. ಅದರ ಕಿಲೋಮೀಟರ್ ಎಣಿಕೆ ಸತ್ತಿತ್ತು, ವೇಗದ ಮುಳ್ಳಿಗೆ ಮಾತ್ರ ಜೀವವಿತ್ತು. ಹತ್ತು ಸೆಕೆಂಡಿಗೊಮ್ಮೆ ವೇಗ ಬರೆದುಕೊಂಡು, ಪ್ರತಿಯೊಂದನ್ನೂ ಆ ಹತ್ತು ಸೆಕೆಂಡಿನಿಂದ ಗುಣಿಸಿ, ಎಲ್ಲ ಕೂಡಿದರೆ ಭಟ್ಕಳದಿಂದ ಹೊನ್ನಾವರದ ದೂರ ಸಿಗಬೇಕು. ಮೈಲುಗಲ್ಲಿಗೆ ತಾಳೆಯಾದರೆ ಮಾತ್ರ ಸಹಿ ಎಂದಿದ್ದರು ನಮ್ಮ ಸರ್. ಆ ವಾರವೇ ನಜೀಮಾಳ ನಿಕಾಹ್, ಆಮೇಲೆ ದುಬೈ. ಸಹಿ ಆಗದಿದ್ದರೆ ಅವಳ ಡಿಗ್ರಿ ಅಲ್ಲಿಗೇ ನಿಲ್ಲುತ್ತಿತ್ತು.

ಹಿಂದೆ ಕೂತವಳು ಗಡಿಯಾರ ನೋಡಿ ನನ್ನ ಬೆನ್ನಿಗೆ ತಿವಿಯುವುದು, ನಾನು "ಮೂವತ್ತೆಂಟು!", "ನಲವತ್ತು!" ಎಂದು ಕೂಗುವುದು, ಅವಳು ಬರೆದುಕೊಳ್ಳುವುದು. ದಾರಿಯಲ್ಲಿದ್ದವರು ಏನೋ ಹರಾಜು ಹೊರಟಿದೆ ಎಂದುಕೊಂಡಿರಬೇಕು. ಮುರ್ಡೇಶ್ವರದ ತಿರುವಿನಲ್ಲಿ ಹಸಿವು ತಡೆಯದೆ ಇಳಿದೆವು. ಬನ್ಸು, ಚಾ, ಅವಳ ಮದುವೆ ಬಟ್ಟೆಯ ಸುದ್ದಿ ಮುಗಿಯುವಾಗ ಅರ್ಧ ಗಂಟೆ ಆಗಿತ್ತು.

ಕೂಡಿದರೆ ದೂರ ಎರಡು ಕಿಲೋಮೀಟರ್ ಹೆಚ್ಚು! ಹುಡುಕಿದಾಗ ಕಳ್ಳ ಸಿಕ್ಕಿದ. ಆ ಮುದಿ ಮುಳ್ಳು ಸ್ಕೂಟರು ನಿಂತರೂ ಗಂಟೆಗೆ ನಾಲ್ಕು ಕಿಲೋಮೀಟರಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಬನ್ಸು ತಿನ್ನುತ್ತಲೇ ನಮ್ಮ ನಜೀಮಾ ಹತ್ತು ಸೆಕೆಂಡಿಗೊಮ್ಮೆ ಅದನ್ನು ಇಣುಕಿ ನೋಡಿ, ನಿಯತ್ತಾಗಿ ನೂರ ಎಂಬತ್ತು ಸಲ ನಾಲ್ಕು ಬರೆದಿದ್ದಳು.

"ಎಲ್ಲ ಅಳಿಸಿ ಸೊನ್ನೆ ಬರಿ ಮಾರಾಯ್ತಿ, ಯಾರಿಗೆ ಗೊತ್ತಾಗ್ತದೆ?" ಎಂದೆ.

"ಅಳಿಸೂದಿಲ್ಲ. ಮುಳ್ಳು ತೋರ್ಸಿದ್ದೇ ನಾ ಬರ್ದದ್ದು. ಎಂತಕ್ಕೆ ಹೆದರೂದು? ಷರಾ ಬರೆದ್ರೆ ಆತು."

ಷರಾ ಕಾಲಮ್ಮಿನಲ್ಲಿ ದುಂಡಗೆ ಬರೆದಳು: 'ಇಲ್ಲಿ ಸ್ಕೂಟರ್ ನಿಂತಿತ್ತು. ನಾವು ಬನ್ಸು ತಿನ್ನುತ್ತಿದ್ದೆವು. ಎರಡು ಕಿಲೋಮೀಟರ್ ಕಳೆಯಬೇಕು.' ಸರ್ ಓದಿ, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಬನ್ಸು ಎಷ್ಟು ತಿಂದ್ರಿ ಅಂತ ಬರೀಲಿಲ್ವಲ್ರೇ," ಎನ್ನುತ್ತಲೇ ಸಹಿ ಹಾಕಿದರು.

ಈಗ ವಾಚಿನ ಫೋಟೊ ತೆಗೆದು ದುಬೈಗೆ ಕಳಿಸಿದೆ. ಮೂರು ವರ್ಷದಿಂದ ಅವಳಿಗೆ ಇವತ್ತು ಫೋನು ಮಾಡುವೆ, ನಾಳೆ ಮಾಡುವೆ ಎಂದು ದಿನ ತಳ್ಳಿದವಳು ನಾನು. ನಾಚಿಕೆಯಾಗಿ, 'ಕೂತಲ್ಲೇ ಇಷ್ಟು ನಡೆದೆ' ಎಂದಷ್ಟೇ ಬರೆದಿದ್ದೆ.

ಉತ್ತರ ಬಂತು: 'ಷರಾ ಬರಿ.'

ಬರೆದೆ: 'ಕಾಯಿ ತುರೀತಿದ್ದೆ. ಬೆನ್ನಿಗೆ ತಿವಿಯೂಕೆ ಯಾರೂ ಇಲ್ಲ.'

ಹತ್ತು ಸೆಕೆಂಡೂ ಆಗಿರಲಿಲ್ಲ, ಫೋನು ಹೊಡೆದುಕೊಂಡಿತು.